ನಡುವಿನ ನೀಲಿ ತುಂಡು

ನನ್ನ ನೀಲಿ ಚೌಕಳಿ ಅಂಗಿ ಕಾಣೆಯಾಗಿ ಒಂದು ಮಳೆಗಾಲ ಕಳೆದಿತ್ತು. ಹಳೆ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಅದನ್ನು ಹಾಕಿ ಅಮ್ಮಿ ಸ್ಟೀಲ್ ಡಬ್ಬಿ ತಗೊಂಡಿದ್ದಳು. ಆ ಡಬ್ಬಿ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಯಾಕೆಂದರೆ ಪಕ್ಕದ ಮನೆಯ ರುಹೀನಾ ಒಮ್ಮೆ, ಒಂದೇ ಒಮ್ಮೆ, ಆ ಅಂಗಿ ನೋಡಿ "ಚೆನ್ನಾಗೈತೆ" ಅಂದಿದ್ದಳು.

ಅದಕ್ಕಿಂತ ಹೆಚ್ಚು ಅವಳೇನೂ ಅಂದಿರಲಿಲ್ಲ. ನಾನೂ ಅಷ್ಟೇ. ಹೊನ್ನಾಳಿ ಬಸ್‌ಸ್ಟ್ಯಾಂಡಿನ ನನ್ನ ಮೊಬೈಲ್ ಅಂಗಡಿಯಲ್ಲಿ ಕಂಡಕ್ಟರಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರ ದನಿ ಅನುಕರಿಸುತ್ತೇನೆ. ಅವಳೆದುರು ಮಾತ್ರ ನನ್ನ ದನಿಗೇ ನೆಟ್‌ವರ್ಕ್ ಇರುತ್ತಿರಲಿಲ್ಲ.

ಆ ಭಾನುವಾರ ಅವಳ ಅಮ್ಮಿ ರಹೀಮುನ್ನೀಸಾ ಖಾಲಾ ಕರೆದರು. ರುಹೀನಾ ಹಳೆ ಬಟ್ಟೆಗಳಿಂದ ಹೊಲಿದ ಕೌದಿಯನ್ನು ಟೊರಾಂಟೊದ ಒಂದು ಆರ್ಟ್ ಮ್ಯೂಸಿಯಂ ಕೇಳಿತ್ತು. ನಮ್ಮ ಕಡೆಯಿಂದ ಅಲ್ಲಿಗೆ ಹೋಗಿ ನೆಲೆಸಿದವರೇ ಸೇರಿ ಕಟ್ಟಿದ ಮ್ಯೂಸಿಯಂ. ಅದನ್ನು ನೋಡಿಕೊಳ್ಳುವ ಸರ್ವಮಂಗಳಮ್ಮ ಚನ್ನಗಿರಿಯವರು. ವಿಡಿಯೊ ಕಾಲ್‌ನಲ್ಲಿ ಅವರಿಗೆ ಕೌದಿ ತೋರಿಸಬೇಕು. ಫೋನ್ ಹಿಡಿಯಲು ನಾನು.

"ನಮ್ದೊಂದು ರೂಲ್ ಐತಮ್ಮ," ಎಂದರು ಸರ್ವಮಂಗಳಮ್ಮ. "ಒಂದೊಂದು ತುಂಡೂ ಯಾರು ಉಟ್ಟಿದ್ದ ಬಟ್ಟೆ ಅಂತ ಹೇಳ್ಬೇಕು. ಊರು ಬಿಡುವಾಗ ನಾವು ಬಟ್ಟೆ ತಂದ್ವಿ, ಅದು ಯಾರ್ದು ಅಂತ ಹೇಳೋರನ್ನ ಬಿಟ್ಟು ಬಂದ್ವಿ. ಹೆಸರಿಲ್ಲದ್ದನ್ನ ಗೋಡೆಗೆ ಹಾಕಲ್ಲ."

ರುಹೀನಾಳ ಬೆರಳು ಕೌದಿಯ ಮೇಲೆ ನಡೆಯಿತು. "ಇದು ನಮ್ಮ ದಾದಿ ಸೀರೆ, ಅಬ್ಬಾನ ಅಮ್ಮಿದು. ಇದು ಈರುಳ್ಳಿ ಮಾರೋ ಕೊಟ್ರೇಶಣ್ಣನ ಲುಂಗಿ."

ನಾನು ತಕ್ಷಣ ಕೊಟ್ರೇಶಣ್ಣನಾದೆ. "ಬರ್ರೀ ಅಕ್ಕಾ! ಹೆಂಗಿದ್ರೂ ಅಳೋದೈತೆ, ನನ್ನ ಈರುಳ್ಳಿ ಹೆಚ್ಚಿ ಅಳ್ರಿ!"

ಸರ್ವಮಂಗಳಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ರುಹೀನಾ ತುಟಿ ಕಚ್ಚಿಕೊಂಡು, ಫೋನಿನ ಅಂಚಿನಾಚೆಯಿಂದ ನನ್ನನ್ನು ನೋಡಿ, ನೋಡಿಲ್ಲವೆಂಬಂತೆ ಕೌದಿಗೆ ಮರಳಿದಳು. ಆ ಒಂದು ನೋಟಕ್ಕೆ ಇಡೀ ತಾಲ್ಲೂಕಿನ ಮಿಮಿಕ್ರಿ ಮಾಡುತ್ತಿದ್ದೆ.

ಬೆರಳು ನಟ್ಟನಡುವೆ ಬಂದು ನಿಂತಿತು. ಅಂಗೈಯಗಲದ ನೀಲಿ ಚೌಕಳಿ. ಮೂಲೆಯಲ್ಲಿ ಪೆನ್ನು ಕಾರಿದ ಕಲೆ. ನನ್ನ ಪೆನ್ನು, ನನ್ನ ಜೇಬು!

ನಾನು ಸುಮ್ಮನೆ ಒಲಿದಿದ್ದೆ. ಅವಳು ಸುಮ್ಮನೆ ಹೊಲಿದಿದ್ದಳು.

"ಅದ್ಯಾರ್ದಮ್ಮ?" ಎಂದರು ಸರ್ವಮಂಗಳಮ್ಮ.

ರುಹೀನಾ ಆ ಕಲೆಯ ಮೇಲೆ ಬೆರಳಾಡಿಸಿದಳು. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಖಾಲಾ ತಲೆಯೆತ್ತಿದರು.

"ಗೊತ್ತಿಲ್ಲಾಂದ್ರೆ ಬಿಚ್ಚಿ ಬೇರೆ ತುಂಡು ಹಾಕು. ಹಿಂಗೇ ಇದ್ರೆ ತಗೊಳಾಕಾಗಲ್ಲ," ಎಂದರು ಸರ್ವಮಂಗಳಮ್ಮ.

ರುಹೀನಾ ಆ ತುಂಡನ್ನು ಅಂಗೈಯಿಂದ ಮುಚ್ಚಿದಳು. "ಬಿಚ್ಚಲ್ಲ." ನನ್ನತ್ತ ನೋಡದೆಯೇ ಮೆಲ್ಲಗೆ ಹೇಳಿದಳು: "ಎಲ್ಲರ ದನಿ ಮಾಡ್ತೀಯಲ್ಲ ಅನೀಸ್. ಈ ಬಟ್ಟೆಯೋರ ದನಿನೂ ಮಾಡು."

ಬಾಯಿ ತೆರೆದೆ. ಕಂಡಕ್ಟರ್ ಬಂದ, ಪ್ರಿನ್ಸಿಪಾಲರು ಬಂದರು. ಇಬ್ಬರನ್ನೂ ವಾಪಸ್ ಕಳಿಸಿದೆ.

"ನಂದು," ಅಂದೆ. ಒಡೆದ, ಒಣಗಿದ ದನಿ. "ಅಂಗಿ ನಂದು. ಅವತ್ತು ಇವಳು ಚೆನ್ನಾಗೈತೆ ಅಂದಾಗಿಂದ, ಅಂಗಿ ಒಳಗಿದ್ದೋನು ಇವಳೋನು."

ಖಾಲಾ ಸೊಪ್ಪು ಕೆಳಗಿಟ್ಟು ಮಗಳನ್ನು ನೋಡಿದರು. "ನನ್ನ ಹೊಸ ದುಪಟ್ಟಾ ಪಾತ್ರೆಯೋಳ ಗಂಟಿಗೆ ಹೋಗಿದ್ದು ಈ ಅಂಗಿ ಬಿಡಿಸ್ಕಣಾಕಾ?"

ರುಹೀನಾ ಕೌದಿಯಲ್ಲಿ ಮುಖ ಮುಚ್ಚಿಕೊಂಡಳು.

"ಅನೀಸ್," ಎಂದರು ಖಾಲಾ, "ಸಂಜೆ ನಿಮ್ಮ ಅಮ್ಮಿನ ಕಳಿಸು. ಅಂಗಿ ಕೊಟ್ಟು ತಗೊಂಡ ಆ ಸ್ಟೀಲ್ ಡಬ್ಬಿನೂ ತರ್ಲಿ. ಸಕ್ಕರೆ ತುಂಬ್ಕಂಡು."

ಕೌದಿ ಟೊರಾಂಟೊ ಸೇರಿತು. ಸರ್ವಮಂಗಳಮ್ಮ ಫೋಟೊ ಕಳಿಸಿದರು: ಬಿಳಿ ಗೋಡೆ, ಕೆಳಗೆ ನಮ್ಮೆಲ್ಲರ ಹೆಸರು, ಮುಂದೊಂದು ಹಗ್ಗ.

"ಮುಟ್ಟಂಗಿಲ್ಲ ಅಂತ ಬರ್ದವ್ರೆ," ಅಂದೆ, ಕಾಂಪೌಂಡ್ ಈಚೆಯಿಂದ.

"ಇಲ್ಲೂ ಹಂಗೇ ಐತೆ, ನಿಕಾಹ್ ಆಗೋ ತನಕ," ಅಂದಳು ಆಚೆಯಿಂದ. ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಕೌದಿ ಇಲ್ಲದೆ ಮನೆ ಖಾಲಿ ಅನ್ಸುತ್ತೆ. ಇನ್ನೊಂದು ಹೊಲೀತೀನಿ. ಹಾಕ್ಕಂಡಿದೀಯಲ್ಲ, ಆ ಅಂಗಿ ಬೇಕು" ಅಂದಳು.

"ಹೊಸದು ಕಣೆ ಇದು."

"ಕೌದಿಗೆ ಹೊಸದು ಹಾಕಲ್ಲ. ಹಾಕ್ಕಂಡು ಹಳೇದು ಮಾಡು. ಕಾಯ್ತೀನಿ."

ಬೇಗ ಹಳೆಯದಾಗಲೆಂದು ಆ ಅಂಗಿಯನ್ನು ದಿನಾ ಒಗೆದು, ಅವಳಿಗೆ ಕಾಣುವಂತೆ ಬಿಸಿಲಿಗೆ ಹಾಕುತ್ತಿದ್ದೇನೆ.