ಬಿಂಕಾಸುರನ ಮೆಟ್ಟು

ಬಹಳ ಹಿಂದೆ, ಸೋನೆಗಿರಿ ಎಂಬ ರಾಜ್ಯದಲ್ಲಿ, ಮಾರ್ಗಶಿರ ಮಾಸದ ಒಂದು ಬುಧವಾರ ಇದು ನಡೆಯಿತು. ಗುರುವಾರ ಮಕ್ಕಳಿಗೆ ಇಂಗ್ಲಿಷ್ ಪರೀಕ್ಷೆ ಇತ್ತು.

ಸೋನೆಗಿರಿಯಲ್ಲಿ ಒಂದು ಪದ್ಧತಿ. ಅತಿಥಿ ಬಂದರೆ ಬಾಗಿಲಲ್ಲೇ ಬಾಯಿತುಂಬ ಹೊಗಳಬೇಕು. ಅವನು ಹೊರಡುವ ಹೊತ್ತಾದರೆ ಅವನ ಮೆಟ್ಟನ್ನು ಹೊರಮುಖವಾಗಿ ತಿರುಗಿಸಿಡಬೇಕು. ಅದನ್ನು ನೋಡಿಯೂ ಕುಳಿತ ಅತಿಥಿ ಅಲ್ಲಿ ಯಾರೂ ಇರಲಿಲ್ಲ.

ಆ ಬುಧವಾರ ಬಿಂಕಾಸುರನೆಂಬ ಮಾಂತ್ರಿಕ ಅರಮನೆಗೆ ಬಂದ. ಗೇಣುದ್ದ ಇದ್ದ. ಮೆಟ್ಟು ಬಿಟ್ಟು ಒಳಗೆ ಕಾಲಿಟ್ಟ.

"ಓಹೋ, ಬೆಟ್ಟದಂಥವರು!" ಎಂದ ರಾಜ.

"ತಮ್ಮ ತಲೆ ಮೋಡಕ್ಕೆ ತಾಗುತ್ತಿದೆ!" ಎಂದ ಮಂತ್ರಿ.

ಪ್ರತಿ ಮಾತಿಗೂ ಅವನು ಬೆಳೆದ. ಮಧ್ಯಾಹ್ನದ ಹೊತ್ತಿಗೆ ಅರಮನೆಯಲ್ಲಿ ಹಿಡಿಸದೆ ಗುಡ್ಡದ ಮೇಲೆ ಹೋಗಿ ಕುಳಿತ. ರಾಜ್ಯದ ನಿನ್ನೆಗಳನ್ನೆಲ್ಲ ಒಂದು ಹೂಜಿಗೆ ತುಂಬಿದ. ನಾಳೆಯನ್ನು ಇನ್ನೊಂದಕ್ಕೆ ತುಂಬಿದ. ಎರಡಕ್ಕೂ ಮುಚ್ಚಳ ಹಾಕಿದ.

ಆಮೇಲೆ ಬೆಳಗಾದರೆ ಬುಧವಾರ, ಮತ್ತೆ ಬೆಳಗಾದರೂ ಬುಧವಾರ.

ಪರೀಕ್ಷೆ ಬರುವುದಿಲ್ಲವೆಂದು ಮಕ್ಕಳು ಮೊದಲು ಕುಣಿದರು. ಆಮೇಲೆ ಅರ್ಥವಾಯಿತು. ದಿನವೂ ಪರೀಕ್ಷೆಯ ಹಿಂದಿನ ದಿನ, ದಿನವೂ ಓದು. ರುಬ್ಬಿಟ್ಟ ಹಿಟ್ಟು ಹುಳಿ ಬರಲಿಲ್ಲ. ಮೊಗ್ಗು ಅರಳಲಿಲ್ಲ. ನಿನ್ನೆಗಳು ಹೆಚ್ಚಿದ್ದವರಿಗೆ ನಷ್ಟವೂ ಹೆಚ್ಚಾಯಿತು. ಮುದುಕರು ಎಲ್ಲವನ್ನೂ ಮರೆತರು, ಮಕ್ಕಳಿಗೆ ಅಷ್ಟಿಷ್ಟು ಉಳಿಯಿತು.

"ಕಾಲ ಬೇಕಾದವರು ಬಂದು ನನ್ನನ್ನು ಹೊಗಳಿ!" ಎಂದು ಬಿಂಕಾಸುರ ದಿನವೂ ಗುಡ್ಡದಿಂದ ಕೂಗುತ್ತಿದ್ದ. ಹೋದವರು ತಿರುಗಿ ಬರಲಿಲ್ಲ.

ಆ ಊರಿನ ಶಾಲೆಯಲ್ಲಿ ತುಂಬೆ ಎಂಬ ಹುಡುಗಿ ಇದ್ದಳು. ಟೆನ್ಸ್ ಎಲ್ಲ ಸರಿಯಾಗಿ ಬರುತ್ತಿತ್ತು. ಅಲಂಕಾರ ಮಾತ್ರ ಬರುತ್ತಿರಲಿಲ್ಲ.

"ಒಂದು ಇನ್ನೊಂದರ ಹಾಗಿದೆ ಎನ್ನುವುದು ಸಿಮಿಲಿ," ಎಂದರು ಗೌರಪ್ಪ ಮೇಷ್ಟ್ರು. "ಒಂದನ್ನು ಇನ್ನೊಂದೇ ಎಂದುಬಿಡುವುದು ಮೆಟಫರ್. ಇರುವುದನ್ನು ಇಲ್ಲದಷ್ಟು ಹಿಗ್ಗಿಸುವುದು ಹೈಪರ್ಬೊಲಿ. ಹೇಳೇ ತುಂಬೆ, ಚಂದ್ರ ಯಾವುದರ ಹಾಗಿದ್ದಾನೆ?"

"ಚಂದ್ರನ ಹಾಗೇ ಇದ್ದಾನೆ, ಮೇಷ್ಟ್ರೇ."

"ಅಯ್ಯೋ! ನಿನ್ನಂಥ ಒಣತಲೆ ಮೂರು ಲೋಕದಲ್ಲೂ ಇಲ್ಲ!"

"ಇದು ಹೈಪರ್ಬೊಲಿನಾ, ಮೇಷ್ಟ್ರೇ?"

"ಅಲ್ಲ, ನಿಜ! ಕೂತ್ಕೋ!"

ಮನೆಯಲ್ಲಿ ತುಂಬೆಗೆ ಇದ್ದದ್ದು ಅಜ್ಜಿ ಒಬ್ಬಳೇ. ಆ ಸಂಜೆ ಅಜ್ಜಿ ಅವಳನ್ನು ನೋಡಿ, "ಯಾರಮ್ಮ ನೀನು?" ಎಂದಳು.

"ನಿನ್ನ ಮೊಮ್ಮಗಳು ಅಜ್ಜಿ. ತುಂಬೆ."

"ಇರಬಹುದು. ಊಟ ಮಾಡ್ತೀಯಾ?"

ತುಂಬೆ ಉಂಡಳು. ಮರುಬೆಳಗೂ ಬುಧವಾರವೇ. ಎರಡು ರೊಟ್ಟಿ ಕಟ್ಟಿಕೊಂಡು ಅರಮನೆಗೆ ಹೋದಳು. ಬಾಗಿಲಲ್ಲಿದ್ದ ಮೆಟ್ಟುಗಳನ್ನು ಒಂದೊಂದಾಗಿ ಎಲ್ಲರ ಕಾಲಿಗೂ ಹಿಡಿದು ನೋಡಿದಳು. ಒಂದು ಜೊತೆ ಯಾರಿಗೂ ಆಗಲಿಲ್ಲ. ಹೆಬ್ಬೆರಳಿನಷ್ಟು ಉದ್ದವಿತ್ತು.

"ಅದು ಯಾರದಮ್ಮ?" ಎಂದ ರಾಜ. ಅವನಿಗೂ ಮರೆತಿತ್ತು.

"ಇನ್ನೂ ಹೊರಡದ ಅತಿಥಿಯದು, ಮಹಾಪ್ರಭು."

ಆ ಜೊತೆಯನ್ನು ರೊಟ್ಟಿಯ ಗಂಟಿಗೆ ಸೇರಿಸಿಕೊಂಡು ಹೊರಟಳು. ಗುಡ್ಡದ ಬುಡದಲ್ಲಿ ಸಿಮಿಲಿ ಎಂಬ ಹಕ್ಕಿ ಅಡ್ಡ ಬಂತು. "ನನ್ನ ರೆಕ್ಕೆ ಯಾವುದರ ಹಾಗಿದೆ?" ಎಂದಿತು. ಯಾವುದರ ಹಾಗಿದೆ ಎನ್ನುತ್ತಾರೋ, ಹೇಳಿದವರು ಅದೇ ಆಗುತ್ತಿದ್ದರು. 'ಪಚ್ಚೆಯ ಹಾಗೆ' ಎಂದ ಮಂತ್ರಿ ಅಲ್ಲೇ ಪಚ್ಚೆಕಲ್ಲಾಗಿ ಬಿದ್ದಿದ್ದ.

"ರೆಕ್ಕೆಯ ಹಾಗಿದೆ," ಎಂದಳು ತುಂಬೆ.

ಹಕ್ಕಿ ತಲೆ ಓರೆ ಮಾಡಿ ಯೋಚಿಸಿತು. ಯಾವ ಮಾಯೆಯೂ ಹತ್ತಲಿಲ್ಲ. ದಾರಿ ಬಿಟ್ಟಿತು.

ನಡುಗುಡ್ಡದಲ್ಲಿ ಮೆಟಫರ್ ಎಂಬ ಹುಲಿ. "ನಾನು ಯಾರು?" ಎಂದು ಗುಡುಗಿತು. ಯಾರೆಂದರೆ ಅದೇ ಆಗುತ್ತಿತ್ತು. 'ನೀನು ಪ್ರವಾಹ' ಎಂದ ಸೇನಾಪತಿ ಪಕ್ಕದ ರಾಜ್ಯದವರೆಗೆ ಕೊಚ್ಚಿಹೋಗಿದ್ದ.

"ನೀನು ಹುಲಿ," ಎಂದಳು ತುಂಬೆ. "ಹಸಿದಿದ್ದೀಯ."

"ಹೌದಲ್ಲ!" ಎಂದಿತು ಹುಲಿ. ಎರಡೂ ರೊಟ್ಟಿ ತಿಂದು ಮಲಗಿತು.

ತುದಿಯಲ್ಲಿ ಬಿಂಕಾಸುರ ಕುಳಿತಿದ್ದ. ಎರಡು ಹೂಜಿಗಳೂ ಪಕ್ಕದಲ್ಲಿದ್ದವು. ಅವನು ನಿನ್ನೆಯ ಹೂಜಿಯ ಮುಚ್ಚಳವನ್ನು ಒಂದಿಷ್ಟು ಸರಿಸಿದ. ಒಳಗಿನಿಂದ ಅಜ್ಜಿಯ ದನಿ ಬಂತು: "ತುಂಬೀ, ಜಡೆ ಹಾಕ್ತೀನಿ ಬಾರೇ."

"ಬೇಕಾ?" ಎಂದ. "ನಾನು ಆಕಾಶದಷ್ಟು ದೊಡ್ಡವನು ಅನ್ನು. ಒಂದೇ ಸಲ. ಕೊಟ್ಟುಬಿಡ್ತೀನಿ."

ತುಂಬೆ ಹೂಜಿಯತ್ತ ಒಂದು ಹೆಜ್ಜೆ ಇಟ್ಟು ನಿಂತಳು. ಹೇಳಿದರೆ ಅಜ್ಜಿ ಸಿಗುತ್ತಾಳೆ. ಹೇಳಿದರೆ ಇವನು ಆಕಾಶವಾಗುತ್ತಾನೆ, ಆಮೇಲೆ ಹೂಜಿ ಯಾರ ಕೈಗೆ ಎಟುಕುತ್ತದೆ? ಅವಳು ಪುಟ್ಟ ಮೆಟ್ಟುಗಳನ್ನು ತೆಗೆದು ಅವನ ಮುಂದೆ ಹೊರಮುಖವಾಗಿ ಇಟ್ಟಳು.

"ಹಹ್ಹಾ! ಇದು ನನ್ನದಲ್ಲ!"

"ಹಾಗಾದರೆ ಕಾಲಿಗೆ ಬರಬಾರದು. ಹಾಕಿ ನೋಡಿ."

ಬರುವುದಿಲ್ಲ ಎಂದು ತೋರಿಸಲು ಅವನು ಹೆಬ್ಬೆರಳನ್ನು ಮೆಟ್ಟಿನ ಮೇಲೆ ಒತ್ತಿದ. ಹೊಗಳಿಕೆ ಕೇಳಿ ಬೆಳೆದದ್ದು ಅವನು, ಬಾಗಿಲಲ್ಲಿ ಉಳಿದ ಮೆಟ್ಟಲ್ಲ. ಅದು ತಾಕಿದ ಕೂಡಲೇ ಕಾಲು ತನ್ನ ಹಳೆಯ ಅಳತೆಗೆ ಇಳಿಯಿತು. ಕಾಲಿನ ಹಿಂದೆ ಮೊಣಕಾಲು, ಸೊಂಟ, ಕೊನೆಗೆ ಮೀಸೆ. ಬಿಂಕಾಸುರ ಗೇಣುದ್ದ ಆದ. ಹೊರಮುಖವಾಗಿದ್ದ ಮೆಟ್ಟು ನಡೆಯತೊಡಗಿತು. ಅದರೊಳಗಿದ್ದ ಅವನೂ ಹೋಗಬೇಕಾಯಿತು.

"ಒಂದು ಮಾತಾದರೂ ಹೊಗಳೇ, ತುಂಬಕ್ಕಾ!" ಎಂದು ಕೂಗಿದ.

ತುಂಬೆ ಯೋಚಿಸಿದಳು. "ಮೆಟ್ಟು ಸರಿಯಾಗಿ ಆಗಿದೆ," ಎಂದಳು.

ಅವನು ಗಡಿ ದಾಟಿದ. ಅವಳು ಎರಡೂ ಮುಚ್ಚಳ ತೆಗೆದಳು. ಮಂತ್ರಿ ಕಲ್ಲಿನಿಂದ ಎದ್ದು ಮೈ ಕೊಡವಿಕೊಂಡ. ಸೇನಾಪತಿ ಒದ್ದೆಯಾಗಿ ಬಂದ. ಹಿಟ್ಟು ಪಾತ್ರೆ ಮೀರಿ ಉಕ್ಕಿತು, ಮೊಗ್ಗುಗಳು ಒಟ್ಟಿಗೆ ಅರಳಿದವು.

ಬೆಳಗಾಯಿತು. ಗುರುವಾರ.

"ತುಂಬೀ, ಏಳೇ! ಪರೀಕ್ಷೆ ಇದೆ, ಜಡೆ ಹಾಕ್ತೀನಿ ಬಾ!" ಎಂದಳು ಅಜ್ಜಿ. ತುಂಬೆ ಎದ್ದು ಅಜ್ಜಿಯನ್ನು ಬಿಗಿಯಾಗಿ ಅಪ್ಪಿಕೊಂಡಳು. ಜಡೆ ಹಾಕುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಅಂದಿನಿಂದ ಸೋನೆಗಿರಿಯವರು ಅತಿಥಿಯನ್ನು ಅಳೆದು ನೋಡಿ ಹೊಗಳುತ್ತಾರೆ. ಎಲ್ಲರೂ ಸುಖವಾಗಿದ್ದಾರೆ, ಹುಲಿಯೂ ಸೇರಿ. ಅದಕ್ಕೆ ದಿನವೂ ಅರಮನೆಯ ರೊಟ್ಟಿ.

ಪರೀಕ್ಷೆಯಲ್ಲಿ ಹುಲಿಯ ಬಗ್ಗೆ ಒಂದು ಮೆಟಫರ್ ಕೇಳಿದ್ದರು. 'ಹುಲಿ ಹುಲಿಯೇ' ಎಂದು ತುಂಬೆ ಬರೆದಳು. ಗೌರಪ್ಪ ಮೇಷ್ಟ್ರು ಅಳೆದು ನೋಡಿ ಅಂಕ ಕೊಟ್ಟರು. ಟೆನ್ಸ್‌ಗೆ ಹತ್ತಕ್ಕೆ ಹತ್ತು. ಅಲಂಕಾರಕ್ಕೆ ಹತ್ತಕ್ಕೆ ಎರಡು.