ಮಾನ್ವಿಯಿಂದ ಬಂದ ದನಿ

ಮೌನಪ್ಪ ಸಾವುಕಾರ ಆ ಮಾತನ್ನು ಬೈದು ಹೇಳಿದ್ದರೆ ಕನಕರಾಯ ನಾಲ್ಕು ದಿನಕ್ಕೆ ಮರೆತುಬಿಡುತ್ತಿದ್ದ. ಪಕ್ಕದಲ್ಲಿ ಕೂಡಿಸಿಕೊಂಡು, ಚಹಾ ಕುಡಿಸಿ, ನಗುತ್ತ ಹೇಳಿದ್ದೇ ತಪ್ಪಾಯಿತು.

"ಕನಕಣ್ಣಾ, ನಿಮಗ ಮಂದಿ ಗೊತ್ತದ. ಮಂದೀನ ನಡಸೂದು ಬ್ಯಾರೆ ವಿದ್ಯೆ. ಕಾಲ ಬದಲಾಗಾಕತ್ತದ. ಇನ್ನ ಮುಂದ ಮಂದೀನ ಬಂಡವಾಳ. ಆ ಬಂಡವಾಳ ನೋಡ್ಕೊಳ್ಳಾಕ ಓದಿದವ್ರು ಬೇಕು."

ಹೈದರಾಬಾದಿನಲ್ಲಿ ಯಾವುದೋ ತರಬೇತಿ ಮುಗಿಸಿ ಬಂದಾಗಿನಿಂದ ಸಾವುಕಾರನ ಬಾಯಲ್ಲಿ ಇಂಥವೇ ಮಾತು. ಸಾವುಕಾರನ ಅಪ್ಪನ ಕಾಲದಿಂದ ರಾಯಚೂರಿನ ಅವರ ಹತ್ತಿ ಗಿರಣಿ ನಡೆಸಿದವನು ಕನಕರಾಯ. ದೇವದುರ್ಗ ತಾಲೂಕಿನ ತನ್ನೂರು ಮಸರಕಲ್‌ನಿಂದ ಹೆಂಗಸರನ್ನು ಕೆಲಸಕ್ಕೆ ಕರೆತಂದವನು, ಅವರಿಗೂ ಚಂದ್ರಬಂಡದಿಂದ ಬರುವ ಹೆಂಗಸರಿಗೂ ಜಗಳವಾದರೆ ದನಿ ಏರಿಸದೆ ಬಗೆಹರಿಸಿದವನು. ಯಾರ ಗಂಡ ಕುಡಿಯುತ್ತಾನೆ, ಯಾರ ಮಗಳು ಬಾಣಂತಿ ಎಲ್ಲ ಅವನ ತಲೆಯಲ್ಲಿತ್ತು. ಇದು ನಡೆಸುವುದಲ್ಲವಾದರೆ ಇನ್ನೇನು?

ಹೈಬ್ರಿಡ್ ಹತ್ತಿ ಬಂತು, ಹೊಸ ಮೆಷೀನು ಬಂತು, ಮೈಸೂರು ಕಡೆಯಿಂದ ಚೆಲುವಯ್ಯನೆಂಬ ಮ್ಯಾನೇಜರೂ ಬಂದ. ಬಂದ ವಾರವೇ ಗೋಡೆಗೆ ನಕ್ಷೆ ಹಚ್ಚಿದ, ಹೆಂಗಸರಿಗೆ ಸಭೆ ಮಾಡಿದ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂದು ಕನಕರಾಯ ನಕ್ಕ. ತನ್ನ ಕುರ್ಚಿಯನ್ನು ಎತ್ತಿ ಚೆಲುವಯ್ಯನ ಕೋಣೆಯಲ್ಲಿ ಇಟ್ಟ ದಿನ ನಗು ನಿಂತಿತು.

ಅವಸರ ಮಾಡಲಿಲ್ಲ. ಅದೇ ತನ್ನ ಜಾಣತನವೆಂದು ಅವನಿಗೆ ಗೊತ್ತಿತ್ತು. ಚೆಲುವಯ್ಯ ಒಮ್ಮೆ ಹಸಿ ಹತ್ತಿ ಕೊಂಡು ತಂದಾಗ ಬೇಡವೆನ್ನಲಿಲ್ಲ, "ಚಲೋ ಮಾಲು ಸಾಹೇಬ್ರ" ಎಂದ. ಆ ಮಾಲು ಗೋದಾಮಿನೊಳಗೆ ಹಿಂದಿನ ಗೋಡೆಯ ಬದಿ ಬಿದ್ದು ಕೆಡುತ್ತಿತ್ತು. ಅದಕ್ಕೆ ಬೆಂಕಿ ಬಿದ್ದರೆ, ಆ ಹೊತ್ತಿಗೆ ಮ್ಯಾನೇಜರನೇ ಎಲ್ಲರನ್ನೂ ಹೊರಗೆ ಕಳಿಸಿದ್ದರೆ, ತಪ್ಪು ಮುಚ್ಚಲು ಅವನೇ ಸುಟ್ಟನೆಂದು ಊರೆಲ್ಲ ಹೇಳುತ್ತದೆ. ಚೆಲುವಯ್ಯ ಜೈಲಿಗೆ, ಕುರ್ಚಿ ಮತ್ತೆ ತನ್ನ ಜಾಗಕ್ಕೆ. ಒಬ್ಬರಿಗೂ ಬೆಂಕಿಯ ಬಿಸಿ ತಾಕಬಾರದು. ಆ ಹೆಂಗಸರು ತಾನು ಕರೆತಂದವರು.

ಬೀಡಾ ಅಂಗಡಿಯ ಮುಂದೆ ಬೀಡಿ ಹಚ್ಚಿಕೊಳ್ಳಲು ತೂಗುಬಿಟ್ಟ ಹಗ್ಗ ಸಂಜೆತನಕ ಹೊಗೆಯಾಡುತ್ತದೆ, ಉರಿಯುವುದಿಲ್ಲ. ಅಂಥದೊಂದು ಹಗ್ಗವನ್ನು ಮನೆಯ ಹಿತ್ತಲಲ್ಲಿ ಸುಟ್ಟು ಅದರ ನಡಿಗೆ, ಗಳಿಗೆಗೆ ಎಷ್ಟು ಸುಡುತ್ತದೆಂದು, ತಿಳಿದುಕೊಂಡ. ಇನ್ನು ಉಳಿದದ್ದು ಚೆಲುವಯ್ಯನ ದನಿ. ನಸುಕಿನಲ್ಲೆದ್ದು ಕಂದೀಲಿನ ಮುಂದೆ ಕೂತು ಕಲಿತ. 'ಬರ್ರಿ' ಹೋಗಿ 'ಬನ್ನಿ', 'ಅದ' ಹೋಗಿ 'ಇದೆ', ಮೂಗಿನಲ್ಲಿ ಸ್ವಲ್ಪ ಗಾಳಿ. ಒಳಗಿನಿಂದ ಹೆಂಡತಿ ಗೋಪಮ್ಮ ಕೂಗುತ್ತಿದ್ದಳು.

"ಬೆಳಕಾತು, ಕಂದೀಲು ದೊಡ್ಡದು ಮಾಡ್ರಿ. ಎಣ್ಣಿ ಸುಮ್ನ ಹೊಂಟದ."

ಅವನು ಉಫ್ ಎಂದು ಊದಿ ಏಳುತ್ತಿದ್ದ.

ಶುಕ್ರವಾರ ಇಬ್ಬರೂ ಹತ್ತಿ ನೋಡಲು ಮಾನ್ವಿಗೆ ಹೋಗಬೇಕಿತ್ತು. ಬಸ್ ಹತ್ತುವ ಮೊದಲು ಕನಕರಾಯ ಗೋದಾಮಿನ ಹಿಂದೆ ಹೋಗಿ ಹಗ್ಗಕ್ಕೆ ಕಿಡಿ ತಾಕಿಸಿ, ಇನ್ನೊಂದು ತುದಿಯನ್ನು ಗೋಡೆಯ ಕಿಂಡಿಯೊಳಗೆ ಹತ್ತಿಯ ರಾಶಿಗೆ ಇಳಿಬಿಟ್ಟ. ಬಸ್ಸಿನಲ್ಲಿ ಚೆಲುವಯ್ಯ ಶೇಂಗಾ ಕೊಂಡು ಅರ್ಧ ಅವನ ಅಂಗೈಗೆ ಸುರಿದ. ಕನಕರಾಯ ತಿಂದ. ಒಳ್ಳೆಯ ಮನುಷ್ಯನೇ ಎನಿಸಿ ಒಂದು ಗಳಿಗೆ ಕಸಿವಿಸಿಯಾಯಿತು, ಕುರ್ಚಿ ನೆನಪಾಗಿ ಹೋಯಿತು.

ಮಾನ್ವಿಯಲ್ಲಿ ಅವರ ಠಿಕಾಣಿ ದಲ್ಲಾಳಿ ಸತ್ತಾರ್ ಸಾಬ್‌ನ ಅಂಗಡಿ. ಮಧ್ಯಾಹ್ನ ಸತ್ತಾರ್ ಸಾಬ್ ಜುಮ್ಮಾ ನಮಾಜಿಗೆ ಹೋದ, ಚೆಲುವಯ್ಯ ಹತ್ತಿಯ ಗಾಡಿಗಳ ಕಡೆ ನಡೆದ. ಕನಕರಾಯ ಫೋನೆತ್ತಿ ರಾಯಚೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದ. ಕಾಯುವಾಗ ಅಂಗಿ ಬೆನ್ನಿಗೆ ಅಂಟಿತು. ಅತ್ತ ಕಾವಲುಗಾರ ಯಮನೂರಪ್ಪ ಎತ್ತಿದ.

"ನೋಡಿ ಯಮನೂರಪ್ಪ, ನಾನು ಚೆಲುವಯ್ಯ, ಮಾನ್ವಿಯಿಂದ. ಮೆಷೀನ್ ನಿಲ್ಲಿಸಿ, ಹೆಂಗಸರನ್ನೆಲ್ಲ ಮನೆಗೆ ಕಳಿಸಿಬಿಡಿ. ನೀವು ಸ್ಟೇಷನ್‌ಗೆ ಹೋಗಿ, ಪಾರ್ಸೆಲ್ ಬಂದಿರತ್ತೆ, ತಗೊಂಡು ಬನ್ನಿ."

"ಆತ್ರೀ ಸಾಹೇಬ್ರ."

ಫೋನು ಇಡಬೇಕೆಂದವನಿಗೆ ಇನ್ನೊಂದು ಹೊಳೆಯಿತು. ಆಫೀಸಿನ ಗೂಡಿನಲ್ಲಿ ಎಲ್ಲಮ್ಮನ ಮುಂದೆ ದಿನವೂ ದೀಪವಿರುತ್ತದೆ. ನಾಳೆ ಯಾರಾದರೂ ದೀಪದಿಂದ ಹತ್ತಿತೆಂದರೆ ಇಷ್ಟೆಲ್ಲ ಮಾಡಿದ್ದು ಬರೀ ಆಕಸ್ಮಿಕವಾಗಿಬಿಡುತ್ತದೆ. ಆ ದಾರಿಯನ್ನೂ ಮುಚ್ಚಿದ.

"ಹೊರಡೋಕೆ ಮುಂಚೆ ಅಮ್ಮನವರ ದೀಪ ದೊಡ್ಡದು ಮಾಡಿಬಿಡಿ. ಮರೀಬೇಡಿ."

'ಅಮ್ಮನವರ' ಎಂದದ್ದು ಅವನಿಗೇ ಮೆಚ್ಚಿಗೆಯಾಯಿತು. ಮೈಸೂರಿನವನೂ ಇಷ್ಟು ಚೆನ್ನಾಗಿ ಹೇಳಲಾರ.

ಗೋದಾಮು ಹಗಲಲ್ಲೇ ಸುಟ್ಟುಹೋಯಿತು. ಒಬ್ಬರಿಗೂ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಆಫೀಸಿನ ಮುಂದೆ ಸಾವುಕಾರ, ಫೌಜದಾರ, ಹೆಂಗಸರ ಗುಂಪು. ಯಮನೂರಪ್ಪ ಎಲ್ಲಮ್ಮನ ಆಣೆ ಮಾಡಿ, ಫೋನು ಮಾಡಿದ್ದು ಮ್ಯಾನೇಜರ್ ಸಾಹೇಬರೇ ಎಂದ. ಚೆಲುವಯ್ಯನ ಮುಖ ಬಿಳಿಚಿತ್ತು. ತಾನು ಫೋನೇ ಮಾಡಿಲ್ಲ ಎಂದು ಹೇಳಿದ್ದನ್ನೇ ಹೇಳುತ್ತಿದ್ದ.

"ಕಾಲ್ ಮಾನ್ವಿಯಿಂದ್ಲೇ ಬಂದದ, ಎಕ್ಸ್‌ಚೇಂಜ್‌ನ್ಯಾಗ ಕೇಳೀನಿ," ಎಂದ ಫೌಜದಾರ. "ಗಿರಣಿಯವ್ರು ಅಲ್ಲಿದ್ದವ್ರು ನೀವಿಬ್ಬರ."

"ನಾ ಗಾಡಿ ಹತ್ರ ಇದ್ದೆ ರೀ," ಎಂದ ಕನಕರಾಯ, ಮೆಲ್ಲಗೆ, ಚೆಲುವಯ್ಯನ ಮೇಲೆ ಮರುಕವಿದ್ದವನಂತೆ.

"ಸಾಹೇಬ್ರು ಏನೇನಂದ್ರು, ಒಂದೂ ಬಿಡದ ಹೇಳು," ಎಂದ ಸಾವುಕಾರ.

ಯಮನೂರಪ್ಪ ಒಪ್ಪಿಸಿದ. ಮೆಷೀನು, ಹೆಂಗಸರು, ಸ್ಟೇಷನ್ನು. "ಕಡೀಕ, ಅಮ್ಮನವರ ದೀಪ ದೊಡ್ಡದು ಮಾಡಿಬಿಡಿ, ಮರೀಬೇಡಿ ಅಂದ್ರು. ನಾ ಮಾಡೇ ಹೋದೆ ರೀ."

ಚೆಲುವಯ್ಯ ತಲೆಯೆತ್ತಿದ. "ಹತ್ತಿ ಗಿರಣಿಲಿ, ಯಾರೂ ಇಲ್ಲದಾಗ, ದೀಪ ದೊಡ್ಡದು ಮಾಡಿ ಹೋಗಿ ಅಂದೆನಾ? ಹಂಗೆ ಬತ್ತಿ ಏರಿಸಿದ್ದಕ್ಕೇ ತಾನೆ ಸಾರ್ ಬೆಂಕಿ ಬಿದ್ದಿರೋದು? ಯಾವ ಹುಚ್ಚ ಹಂಗೆ ಹೇಳ್ತಾನೆ?"

ಹೆಂಗಸರು ಮುಖ ಮುಖ ನೋಡಿಕೊಂಡರು. "ಬತ್ತಿ ಏರ್ಸೂದಲ್ರೀ ಸಾಹೇಬ್ರ," ಎಂದಳು ಬಂಡೆಮ್ಮ. "ದೀಪಾ ದೊಡ್ಡದು ಮಾಡೂದಂದ್ರ..." ಮನೆಗೆ ಕೇಡೆಂದು ಈ ಕಡೆ ಯಾರೂ ಆಡದ ಆ ಶಬ್ದ ಬಾಯಿಗೆ ಬರದೆ ಅಂಗೈ ಎತ್ತಿ ಉಫ್ ಎಂದು ಊದಿ ತೋರಿಸಿದಳು. ಚೆಲುವಯ್ಯ ಕಣ್ಣು ಬಿಟ್ಟು ಆ ಅಂಗೈಯನ್ನೇ ನೋಡಿ, "ಓ, ಆರಿಸೋದಾ?" ಎಂದ. ಆ ಶಬ್ದ ಕೇಳಿ ಯಮನೂರಪ್ಪ ಕೂಡ ಕೆನ್ನೆ ಬಡಿದುಕೊಂಡ. ಸಾವುಕಾರ ಕನಕರಾಯನ ಕಡೆ ತಿರುಗಿದ. ಆಮೇಲೆ ಅವತ್ತು ಚಹಾ ಕುಡಿಸಿದಾಗಿನ ಅದೇ ಮೆತ್ತನೆಯ ದನಿಯಲ್ಲಿ, "ಕನಕಣ್ಣಾ, ನಿಮ್ಮ ಮನ್ಯಾಗ ದೀಪಾ ಊದೂದಕ್ಕ ಏನಂತೀರಿ?" ಎಂದ. ಚೆಲುವಯ್ಯನ ಥರ 'ಆರಿಸು' ಎಂದರೆ ಉಳಿದುಕೊಳ್ಳಬಹುದಿತ್ತು. ಆದರೆ ಅವ್ವ ಬಾಯಿಗೆ ಹೊಡೆದು ಬಿಡಿಸಿದ ಆ ಶಬ್ದಕ್ಕೆ ಕನಕರಾಯನ ನಾಲಿಗೆ ಹೊರಳಲೇ ಇಲ್ಲ.