ಕೆಂಪು ದಾರದ ಹಾಸಿಗೆ

“ಅದನ್ನ ಮಾತ್ರ ಯಂತ್ರಕ್ಕೆ ಹಾಕ್ಬೇಡಿ, ಅಳಿಯಂದ್ರೇ. ಕೆಂಪು ದಾರದಲ್ಲಿ ಒಳಗಡೆಯಿಂದ ಹೊಲಿದಿದ್ದಾರೆ. ಮಾಟದ್ದು, ಬಿಚ್ಚದೆ ಸುಡ್ಬೇಕು.”

ಬೆಳಗಾಗುವ ಮುಂಚೆ ಯಾರೋ ಅಂಗಡಿ ಬಾಗಿಲಲ್ಲಿ ಬಿಟ್ಟುಹೋಗಿದ್ದ ಹಳೇ ಹಾಸಿಗೆ ಅದು. ಅತ್ತೆ ಸೀಮೆಎಣ್ಣೆ ತರಲು ಹೋದರು. ಗಂಡ ತೀರಿಕೊಂಡ ಮೇಲೆ ಹಾಸಿಗೆ ಅಂಗಡಿಯನ್ನು ಒಬ್ಬರೇ ನಡೆಸಿದ ಹೆಂಗಸು. ದಿನಾ ಯೇಸುವನ್ನು ನೆನೆದೇ ಹತ್ತಿ ಹಿಂಜುವ ಯಂತ್ರದ ಗುಂಡಿ ಒತ್ತುತ್ತಿದ್ದರು. ಅಳಿಯನಿಗೆ ಅದೆಲ್ಲ ತಮಾಷೆ. ಇದ್ದ ಕೆಲಸ ಹೋಗಿ, ಹೆಂಡತಿ ಮಗಳ ಜೊತೆ ಅತ್ತೆಮನೆ ಸೇರಿ ತಿಂಗಳಾಗಿಲ್ಲ, ಆಗಲೇ ಮೊಮ್ಮಗ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ ಅತ್ತೆಗೆ ಹತ್ತಿಯ ಪಾಠ ಹೇಳುತ್ತಿದ್ದ.

“ದೆವ್ವಕ್ಕೂ ಮಲಗೋಕೆ ಹಾಸಿಗೆ ಬೇಕಾ?” ಎಂದು ನಕ್ಕು ಹೊಲಿಗೆ ಕುಯ್ದ. ಸುಟ್ಟ ಕೂದಲಿನ ವಾಸನೆ ಭಗ್ಗೆಂದು ಮುಖಕ್ಕೆ ಹೊಡೆಯಿತು. ಹತ್ತಿ ಮಾತ್ರ ಬೆಣ್ಣೆಯ ಹಾಗಿತ್ತು. ಅಂಥದ್ದನ್ನು ಯಾರಾದರೂ ಸುಡುತ್ತಾರೆಯೇ? ಯಂತ್ರ ಒಮ್ಮೆ ಕೊಸರಿಕೊಂಡು ಎಲ್ಲವನ್ನೂ ನುಂಗಿತು. ಅತ್ತೆ ಬರುವಷ್ಟರಲ್ಲಿ ಅವನು ಖಾಲಿ ಹಾಸಿಗೆಗೆ ಚಿಂದಿ ತುಂಬಿ ಹೊಲಿದಿಟ್ಟಿದ್ದ. ಪಾಪ, ಅವರು ಅದನ್ನೇ ಶ್ರದ್ಧೆಯಿಂದ ಸುಟ್ಟರು. ಹಿಂಜಿದ ಹತ್ತಿ ಮಗಳಿಗೆ ದಿಂಬಾಯಿತು.

ಬಾಯಿ ಮುಚ್ಚದೆ ಹರಟುತ್ತಿದ್ದ ಐದು ವರ್ಷದ ಹುಡುಗಿ. ಆ ದಿಂಬು ಬಂದ ಮೇಲೆ ಮಂಕಾದಳು. ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದರು. ನಿದ್ದೆಯಲ್ಲಿ ಮಾತ್ರ ಅವಳ ತುಟಿ ಆಡುತ್ತಿತ್ತು. “ಇಲ್ಲ. ಕೊಡಲ್ಲ.” ಕನಸಿನಲ್ಲಿ ಆಟದ ಸಾಮಾನಿನ ಜಗಳವಿರಬೇಕು ಎಂದುಕೊಂಡ.

ಒಂದು ಮಧ್ಯಾಹ್ನ ಅವಳನ್ನು ಸರಿಯಾಗಿ ಮಲಗಿಸಲು ದಿಂಬಿನಡಿ ಕೈ ಹಾಕಿದ. ದಿಂಬು ಉಸಿರಾಡುತ್ತಿತ್ತು. ಕುಯ್ದು ನೋಡಿದರೆ ಹತ್ತಿಯ ನಡುವೆ ಕೂದಲಿನ ಗಂಟು, ಸುತ್ತ ಕೆಂಪು ದಾರ. ಹಿತ್ತಲಿಗೆ ಒಯ್ದು ಬೂದಿಯಾಗುವವರೆಗೂ ನಿಂತು ಸುಟ್ಟ. ಒಳಗೆ ಬಂದಾಗ ಮಗಳ ತಲೆಯಡಿ ಅದೇ ದಿಂಬು ಇತ್ತು. ಇನ್ನೂ ಬೆಚ್ಚಗಿತ್ತು.

ಯಾವುದನ್ನೂ ನಂಬದವನು ಮಾಟ ತೆಗೆಯುವವನ ಬಳಿ ಓಡಿದ. ಕಿಟಕಿಯಿಲ್ಲದ ಕೋಣೆ, ಎಣ್ಣೆ ಜಿಡ್ಡಿನ ಕತ್ತಲು. ಮುಖ ಕಾಣಿಸಲಿಲ್ಲ, ಮಾತು ಮಾತ್ರ ಕೇಳಿಸಿತು. “ಬಂದಿದ್ದು ಬರಿಗೈಲಿ ಹೋಗಲ್ಲ. ಬೇರೆ ಮಗು ತಲೆ ಕೆಳಗೆ ಹೋಗ್ಲಿ. ನಿನ್ನದು ಏಳುತ್ತೆ.”

ಮರುದಿನ ಬೆಳಿಗ್ಗೆ ತುಂಬಿದ ಬಸುರಿಯೊಬ್ಬಳು ತೊಟ್ಟಿಲ ಹಾಸಿಗೆ ಒಯ್ಯಲು ಬಂದಳು. ಅವನು ದಿಂಬನ್ನೂ ಅದರ ಮೇಲಿಟ್ಟ. “ಇದು ಸುಮ್ನೆ ಕೊಡ್ತಿರೋದು, ಮಗೂಗೆ.”

“ಎಷ್ಟು ಮೆತ್ತಗಿದೆ, ಅಣ್ಣಾ,” ಎಂದು ಅವಳು ಅದನ್ನು ಹೊಟ್ಟೆಗೆ ಅವುಚಿಕೊಂಡಳು. ಆ ‘ಅಣ್ಣಾ’ ಅವನ ಕರುಳಿಗೇ ತಾಗಿತು. ದಿಂಬನ್ನು ಕಿತ್ತುಕೊಂಡು ಒಳಗೆ ನಡೆದ. ಅತ್ತೆಯ ಕಾಲ ಬಳಿ ಕುಸಿದು, ಚಿಂದಿ ತುಂಬಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟ.

ಅತ್ತೆ ಅವನ ಪಕ್ಕದಲ್ಲೇ ನೆಲಕ್ಕೆ ಕೂತರು.

“ನನಗೂ ಭಯ ಆಗ್ತಿದೆ,” ಎಂದರು. “ಆದ್ರೆ ಆ ಮಾಟದವನು ಹೇಳಿದ್ದು ಸುಳ್ಳು. ನಮ್ಮ ಯೇಸು ಶಾಪನ ಇನ್ನೊಬ್ರ ತಲೆಗೆ ಕಟ್ಟಲಿಲ್ಲ, ತಾನೇ ಹೊತ್ತುಕೊಂಡ. ಕೊಡ್ಬೇಕಾದ್ದನ್ನ ಅವನು ಕೊಟ್ಟಾಗಿದೆ. ಇನ್ಯಾರನ್ನೂ ಕೊಡೋ ಹಾಗಿಲ್ಲ.”

ಒಳಕೋಣೆಯಿಂದ ಹೆಂಡತಿ ಕೂಗಿದಳು. ಮಗು ಉಸಿರಾಡುತ್ತಿರಲಿಲ್ಲ. ದಿಂಬು ಅವನ ಕೈಯಲ್ಲಿರಲಿಲ್ಲ. ಅಲ್ಲಿತ್ತು. ಅವಳ ತಲೆಯಡಿ.

ಮಗಳನ್ನು ಎತ್ತಿ ಹೆಂಡತಿಯ ಮಡಿಲಿಗೆ ಹಾಕಿದ. ದಿಂಬಿನ ಮೇಲೆ ತಾನೇ ತಲೆಯಿಟ್ಟ.

ಎಡಗಿವಿ ಹೂತುಹೋಯಿತು. ಹತ್ತಿ ಮೂಗಿಗೆ ತುಂಬಿತು. ಬಾಯಿಗೆ ತುಂಬಿತು. ಕತ್ತಲು. ಸುಟ್ಟ ಕೂದಲು. ಕಿವಿಯೊಳಗೇ ಯಾರೋ ಕೇಳಿದರು.

“ಯಾರನ್ನ ಕೊಡ್ತೀಯ? ಅಪ್ಪನ್ನಾ? ಅಮ್ಮನ್ನಾ?”

ಆಗ ಅವನಿಗೆ ಅರ್ಥವಾಯಿತು. ಇಷ್ಟು ದಿನ ಮಗಳು ಇದಕ್ಕೇ ‘ಕೊಡಲ್ಲ’ ಎಂದಿದ್ದಳು. ಅಪ್ಪನನ್ನು ಕೊಡದೆ ತಾನು ಸವೆದಿದ್ದಳು.

“ನೀನು ಕೊಡೋನು. ಬೆಳಿಗ್ಗೆ ಕೊಡೋಕೆ ಹೊರಟಿದ್ದೆ. ಹೇಳು. ಯಾರನ್ನ?”

ಉಸಿರಿಲ್ಲ. ದನಿಯಿಲ್ಲ. ಎಲ್ಲೋ ದೂರದಲ್ಲಿ ಅತ್ತೆ ಅಳುತ್ತಾ ಪ್ರಾರ್ಥಿಸುತ್ತಿದ್ದರು. ದಾರ ಕುತ್ತಿಗೆಗೆ ಬಿಗಿಯಿತು. ಇನ್ನೊಂದು ಸುತ್ತು. ಇನ್ನೊಂದು. ಅವನ ಬಳಿ ಅವನದೆನ್ನುವ ಉತ್ತರವಿರಲಿಲ್ಲ. ಅತ್ತೆಯದೇ ಇತ್ತು.

“ಕೊಟ್ಟಾಗಿದೆ,” ಎಂದ. “ಯೇಸು ತನ್ನನ್ನೇ ಕೊಟ್ಟಾಗಿದೆ.”

ಕಿವಿಯೊಳಗೆ ಏನೋ ಪಟ್ಟನೆ ಹರಿಯಿತು. ಬಿಸಿ ರಕ್ತ ಇಳಿಯಿತು. ದಿಂಬು ಹೊಲಿಗೆ ಬಿಚ್ಚಿ ಚಪ್ಪಟೆಯಾಗಿ ಬಿತ್ತು.

“ಅಮ್ಮಾ, ನೀರು,” ಎಂದಿತು ಮಗು.

ಅವನ ಎಡಗಿವಿಗೆ ಮತ್ತೆ ಏನೂ ಕೇಳಿಸಲಿಲ್ಲ. ಈಗ ಮಗಳು ಹರಟೆ ಹೊಡೆಯಬೇಕೆಂದರೆ ಬಲಕ್ಕೆ ಬಂದು ಕೂರುತ್ತಾಳೆ. ಆದರೂ ಕೆಲವು ಮಧ್ಯಾಹ್ನ ಯಂತ್ರ ನಿಂತಾಗ, ಕಿವುಡಾದ ಆ ಕಿವಿಯಲ್ಲಿ ಮಾತ್ರ, ಯಾರೋ ಹತ್ತಿರ ಬಂದು ಕೇಳುತ್ತಾರೆ. ಯಾರನ್ನ ಕೊಡ್ತೀಯ?

ಅವನು ನಗುವುದಿಲ್ಲ. “ಕೊಟ್ಟಾಗಿದೆ,” ಎಂದು ಮೆಲ್ಲಗೆ ಹೇಳಿ ಯಂತ್ರದ ಗುಂಡಿ ಒತ್ತುತ್ತಾನೆ.